ದಿನವೂ ಮತ್ತೆ ಹೇಳಬೇಕಾದ ಮಾತು

ಎಂಟನೆಯ ವರ್ಷದಲ್ಲಿ ಕಿವಿಯಲ್ಲಿ ಹೇಳಿದ ಮಂತ್ರವನ್ನು ಎಂಬತ್ತರವರೆಗೂ ದಿನ ದಿನ ಯಾಕೆ ಹೇಳಬೇಕು? ಉಪದೇಶ ಒಮ್ಮೆ ಆದರೆ ಸಾಲದೇ? ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಹೊಸದಾಗಿ ಏನು ಹುಟ್ಟೀತು? ನಮ್ಮ ಜಗುಲಿಯಲ್ಲಿ ವೇದದ ಸಂಥೆಗೆ ಕೂರುವ ಹುಡುಗರು ವರ್ಷಕ್ಕೊಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಮೂವತ್ತು ವರ್ಷದಿಂದ ನಾನು ಕೊಡುತ್ತ ಬಂದದ್ದು ಭಾಷ್ಯದಲ್ಲಿ ಓದಿದ ಉತ್ತರ. ಹೋದ ಆಷಾಢದಲ್ಲಿ ಒಂದು ಹಳೆಯ ಪ್ರಿಂಟರ್ ನೆಪವಾಗಿ ಆ ಉತ್ತರ ನನ್ನ ಅನುಭವಕ್ಕೆ ಬಂತು. ಅದನ್ನು ಇದ್ದಂತೆ ಹೇಳುತ್ತೇನೆ.

ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು, ಕರೆಂಟು ಹೋಗುವುದು ಇಲ್ಲಿ ದಿನದ ಮಾತು. ನಾನು ಪೌರೋಹಿತ್ಯ ಮಾಡುತ್ತೇನೆ, ಏಳೆಂಟು ಹುಡುಗರಿಗೆ ಕೃಷ್ಣಯಜುರ್ವೇದದ ಪಾಠ ಹೇಳುತ್ತೇನೆ. ಪಾಠದ ಹಾಳೆಗಳನ್ನು ಸ್ವರದ ಗೆರೆಗಳ ಸಮೇತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಕೊಡುವುದು ನನ್ನ ಪದ್ಧತಿ. ಅದಕ್ಕಾಗಿ ಮೆತ್ತಿನ ಮೇಲಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಅದಕ್ಕೆ ಯುಎಸ್‌ಬಿ ತಂತಿಯಲ್ಲಿ ಕಟ್ಟಿದ ಒಂದು ಸಣ್ಣ ಲೇಸರ್ ಪ್ರಿಂಟರು ಹದಿನಾಲ್ಕು ವರ್ಷ ದುಡಿದವು. ಕಳೆದ ಬೇಸಗೆಯಲ್ಲಿ ಕಂಪ್ಯೂಟರು ಸತ್ತಿತು. ಪ್ರಿಂಟರು ಗಟ್ಟಿಯಾಗಿಯೇ ಇತ್ತು.

ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಆಷಾಢದಲ್ಲಿ ಹದಿನೈದು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಬಂದಿದ್ದಳು. ಜಗುಲಿಯ ಕಪಾಟಿನಲ್ಲಿ ಅವಳೇ ಎರಡು ವರ್ಷದ ಹಿಂದೆ ತಂದಿಟ್ಟ ಒಂದು ಪೆಟ್ಟಿಗೆ ಇದೆ. ಒಳಗೆ ಎರಡು ಹಾರ್ಡ್ ಡಿಸ್ಕ್. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ. ಒಂದು ಕೆಟ್ಟರೂ ಇನ್ನೊಂದರಲ್ಲಿ ಉಳಿಯಲಿ ಎಂದು ಈ ಏರ್ಪಾಡು. ನನ್ನ ಅಪ್ಪಯ್ಯ 1980ರ ದಶಕದಲ್ಲಿ ಕ್ಯಾಸೆಟ್ಟಿಗೆ ಹೇಳಿದ ವೇದಪಾಠವೆಲ್ಲ ಅದರಲ್ಲಿದೆ. ಮನೆಯ ವೈಫೈಗೆ ಸೇರಿದ ಯಾವ ಫೋನಿನಿಂದಲೂ ಅದನ್ನು ಕೇಳಬಹುದು. ಯುಎಸ್‌ಬಿ ತಂತಿ ಐದು ಮೀಟರಿಗಿಂತ ಉದ್ದ ಹೋಗುವಂತಿಲ್ಲ, ಆದ್ದರಿಂದ ಪ್ರಿಂಟರನ್ನೇ ಕೆಳಗೆ ತಂದು ಈ ಪೆಟ್ಟಿಗೆಯ ಬೆನ್ನಿಗೆ ಚುಚ್ಚಿಬಿಟ್ಟರೆ ಮನೆಯಲ್ಲಿ ಎಲ್ಲಿ ಕೂತೂ ಅಚ್ಚು ಹಾಕಬಹುದೆಂದು ಅವಳ ಲೆಕ್ಕ.

ಚುಚ್ಚಿದ ಕೂಡಲೇ ಪೆಟ್ಟಿಗೆ ಪ್ರಿಂಟರಿನ ಹೆಸರನ್ನು ತೋರಿಸಿತು. ನನಗೆ ಸಂತೋಷವಾಯಿತು. ಪೆಟ್ಟಿಗೆಗೆ ಇದರ ಹೆಸರು ಹೇಗೆ ಗೊತ್ತಾಯಿತೆಂದು ಕೇಳಿದೆ. ಪ್ರಿಂಟರೇ ಹೇಳುತ್ತದಂತೆ. ತಂತಿ ಸೇರಿದಾಗ ಆ ಕಡೆಯವರು ‘ನೀನು ಯಾರು’ ಎಂದು ಕೇಳುತ್ತಾರೆ. ಪ್ರಿಂಟರು ತನ್ನನ್ನು ಮಾಡಿದವರು ಯಾರು, ತನ್ನ ಮಾದರಿ ಯಾವುದು, ತನಗೆ ತಿಳಿಯುವ ಆದೇಶದ ಭಾಷೆ ಯಾವುದು ಎಂದು ಒಂದು ಸಾಲಿನಲ್ಲಿ ಒಪ್ಪಿಸುತ್ತದೆ. ಐಇಇಇ 1284 ಎಂಬ ನಿಯಮದಲ್ಲಿ ಈ ಸಾಲಿನ ಕ್ರಮವೇ ನಿಗದಿಯಾಗಿದೆ. ಹಿರಿಯರ ಮುಂದೆ ಕಿವಿ ಮುಟ್ಟಿ ಪ್ರವರ, ಗೋತ್ರ, ಸೂತ್ರ, ಶಾಖೆ, ಹೆಸರು ಹೇಳಿ ಅಭಿವಾದನ ಮಾಡುವುದನ್ನು ನಾನು ಹುಡುಗರಿಗೆ ಮೊದಲ ವಾರವೇ ಕಲಿಸುತ್ತೇನೆ. ಯಾರ ಕುಲ, ಯಾವ ಶಾಖೆ, ಯಾವ ಹೆಸರು: ಯಂತ್ರದ ಸಾಲೂ ಹಾಗೆಯೇ ಇತ್ತು.

ಆದರೆ ಹಾಳೆ ಬರಲಿಲ್ಲ. ಪೆಟ್ಟಿಗೆಯೊಳಗೆ ಅಚ್ಚಿನ ಕೆಲಸ ನೋಡಿಕೊಳ್ಳುವುದು ಕಪ್ಸ್ ಎಂಬ ವ್ಯವಸ್ಥೆ, 1999ರಿಂದ ಬಳಕೆಯಲ್ಲಿದೆ. ನಮ್ಮ ಮಾದರಿ ಅದರ ಪಟ್ಟಿಯಲ್ಲಿರಲಿಲ್ಲ. ಹತ್ತಿರದ ಹೆಸರೊಂದನ್ನು ಆರಿಸಿ ಕಳಿಸಿದರೆ ‘ಮುಗಿಯಿತು’ ಎಂದು ಪೆಟ್ಟಿಗೆ ಹೇಳುತ್ತಿತ್ತು, ಪ್ರಿಂಟರು ಮಾತ್ರ ಸುಮ್ಮನಿತ್ತು. ಮಗಳು ದಾರಿ ಬದಲಿಸಿದಳು. ಪೆಟ್ಟಿಗೆ ಏನನ್ನೂ ಅರ್ಥ ಮಾಡಿಕೊಳ್ಳುವುದು ಬೇಡ; ಪ್ರಿಂಟರಿಗೆ ಬೇಕಾದ ರೂಪಕ್ಕೆ ತರುವ ಕೆಲಸವನ್ನೆಲ್ಲ ಲ್ಯಾಪ್‌ಟಾಪ್ ಮಾಡಲಿ, ಪೆಟ್ಟಿಗೆ ಬಂದದ್ದನ್ನು ಬಂದ ಹಾಗೆ ದಾಟಿಸಲಿ ಎಂದು. ಅದಕ್ಕೆ 9100 ಎಂಬ ಸಂಖ್ಯೆಯ ಬಾಗಿಲು. ಆಗಲೂ ಹಾಳೆ ಬರಲಿಲ್ಲ.

ಈ ಜಾತಿಯ ಪ್ರಿಂಟರಿಗೆ ಅಕ್ಷರ ಗೊತ್ತಿಲ್ಲ ಎಂದು ನನಗೆ ತಿಳಿದದ್ದು ಆಗ. ಅದಕ್ಕೆ ಗೊತ್ತಿರುವುದು ಚುಕ್ಕಿ ಮಾತ್ರ. ಒಂದು ಎ4 ಹಾಳೆಯಲ್ಲಿ ಇಂಚಿಗೆ 600ರಂತೆ ಸುಮಾರು 3 ಕೋಟಿ 48 ಲಕ್ಷ ಚುಕ್ಕಿಗಳ ಜಾಗ. ಯಾವುದು ಕಪ್ಪು ಯಾವುದು ಬಿಳಿ ಎಂದು ಕಂಪ್ಯೂಟರೇ ಲೆಕ್ಕ ಹಾಕಿ ಕಳಿಸಬೇಕು. ಅನುದಾತ್ತದ ಕೆಳಗೆರೆ, ಸ್ವರಿತದ ಮೇಲುಗೆರೆ ಒಂದೂ ತಪ್ಪದೆ ಹದಿನಾಲ್ಕು ವರ್ಷ ಬಂದದ್ದು ಆ ಲೆಕ್ಕದಿಂದ. ಯಂತ್ರ ನಮ್ಮ ಲಿಪಿಯನ್ನು ಎಂದೂ ಓದಿರಲೇ ಇಲ್ಲ.

ಮೂರನೆಯ ದಿನ ಮಗಳು ಪ್ರಿಂಟರನ್ನು ನೇರವಾಗಿ ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದಳು. ಹಾಳೆ ಬಂತು! ಪ್ರಿಂಟರಿನ ಸ್ವಿಚ್ ಆರಿಸದೆಯೇ ತಂತಿ ಕಿತ್ತು ಪೆಟ್ಟಿಗೆಗೆ ಹಾಕಿದಳು. ಈಗ ಪೆಟ್ಟಿಗೆಯ ಮೂಲಕವೂ ಹಾಳೆ ಬಂತು. ಯಾಕೆಂದು ಇಬ್ಬರಿಗೂ ತಿಳಿಯಲಿಲ್ಲ. ನಾಲ್ಕು ದಿನ ಹುಡುಗರ ಹಾಳೆಗಳೆಲ್ಲ ಹಾಗೆಯೇ ಅಚ್ಚಾದವು. ಐದನೆಯ ರಾತ್ರಿ ದೊಡ್ಡ ಗಾಳಿಮಳೆ, ಕರೆಂಟು ಹೋಯಿತು. ಪೆಟ್ಟಿಗೆಗೆ ಇನ್ವರ್ಟರ್ ಇತ್ತು. ಲೇಸರ್ ಪ್ರಿಂಟರು ಕಾಯುವಾಗ ವಿಪರೀತ ವಿದ್ಯುತ್ ಎಳೆಯುತ್ತದೆಂದು ಅದನ್ನು ಇನ್ವರ್ಟರಿಗೆ ಸೇರಿಸಿರಲಿಲ್ಲ. ಬೆಳಿಗ್ಗೆ ಕರೆಂಟು ಬಂತು, ಹಸಿರು ದೀಪ ಉರಿಯಿತು, ಹೆಸರೂ ಕಂಡಿತು. ಹಾಳೆ ಮಾತ್ರ ಬರಲಿಲ್ಲ.

ಆ ಮಧ್ಯಾಹ್ನ ಮಗಳು ಏನನ್ನೋ ಬಹಳ ಹೊತ್ತು ಓದಿ ಒಳಗೆ ಬಂದು ಹೇಳಿದಳು: “ಅಪ್ಪಯ್ಯ, ಕರೆಂಟು ಹೋದ ಕೂಡ್ಲೆ ಇದಕ್ಕೆ ಕಲ್ತಿದ್ದೆಲ್ಲ ಮರ್ತು ಹೋಗ್ತು. ಯಾರಾದ್ರೂ ಮತ್ತೆ ಹೇಳಿಕೊಡವು.”

ವಿಷಯ ಇಷ್ಟು. ಯಂತ್ರವೊಂದು ಹೇಗೆ ನಡೆದುಕೊಳ್ಳಬೇಕೆಂದು ಅದರೊಳಗೇ ಬರೆದಿಟ್ಟ ಪಾಠಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಹೆಚ್ಚಿನ ಯಂತ್ರಗಳಲ್ಲಿ ಅದು ಶಾಶ್ವತವಾಗಿ ಇರುತ್ತದೆ. ನಮ್ಮದರಂಥ ಕೆಲವು ಪ್ರಿಂಟರುಗಳಲ್ಲಿ ಅದನ್ನು ಉಳಿಸಿಕೊಳ್ಳುವ ಜಾಗವಿಲ್ಲ. ವಿದ್ಯುತ್ ಇರುವವರೆಗೆ ನೆನಪು, ಆಮೇಲೆ ಇಲ್ಲ. ಪ್ರತಿ ಸಲ ಎದ್ದಾಗಲೂ ಯಾರಾದರೂ ಆ ಇಡೀ ಪಾಠವನ್ನು ಹೊರಗಿನಿಂದ ಮತ್ತೆ ಕಳಿಸಬೇಕು. ಹಾಗಾದರೆ ಹದಿನಾಲ್ಕು ವರ್ಷ ಯಾರು ಕಳಿಸುತ್ತಿದ್ದರು ಎಂದೆ. ಮೆತ್ತಿನ ಮೇಲಿನ ಆ ಹಳೆಯ ಕಂಪ್ಯೂಟರು, ಎಂದಳು. ಪ್ರಿಂಟರು ಎದ್ದದ್ದನ್ನು ಕಂಡ ಕೂಡಲೇ ಅದು ಯಾರಿಗೂ ಹೇಳದೆ ಪಾಠ ಒಪ್ಪಿಸಿಬಿಡುತ್ತಿತ್ತು. ಪ್ರಿಂಟರಿಗೆ ಬಲ್ಲವಿಕೆ ತನ್ನದೇ ಎಂದು ನಾವು ನಂಬಿದ್ದೆವು.

ನಾನು ಎದ್ದು ತೋಟದ ಕಡೆ ಹೋದೆ. ನನಗೆ ಆಯಿಯ, ನನ್ನ ತಾಯಿಯ, ನೆನಪು ಬಂದಿತ್ತು.

ಆಯಿ ತೀರಿಕೊಂಡು ಒಂಬತ್ತು ವರ್ಷ. ಅಲ್ಲಿಯವರೆಗೆ ಪ್ರತಿ ಸಂಜೆ ದೇವರ ಒಳಗೆ ದೀಪ ಹಚ್ಚಿ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು: “ತಮಾ, ಸಂಧ್ಯಾವಂದನೆ ಆತಾ?” ಐವತ್ತು ದಾಟಿದ ಮೇಲೂ, ನಾಲ್ಕು ಊರಿಗೆ ಪುರೋಹಿತನಾದ ಮೇಲೂ ಅದೇ ಪ್ರಶ್ನೆ. ಕೆಲವು ದಿನ ಬೇಸರದಿಂದ ಉತ್ತರ ಕೊಟ್ಟಿದ್ದೇನೆ. ಅವಳು ಹೋದ ವರ್ಷ ಮಳೆಗಾಲದಲ್ಲಿ ಒಂದು ಸಂಜೆ ಮುಗಿದು ರಾತ್ರಿ ಊಟಕ್ಕೆ ಕೂತಾಗ, ಮೂರು ದಿನದಿಂದ ನಾನು ಸಾಯಂಸಂಧ್ಯೆ ಮಾಡಿಲ್ಲವೆಂದು ಹೊಳೆಯಿತು. ಬಿಡಬೇಕೆಂದು ಬಿಟ್ಟದ್ದಲ್ಲ. ಕೇಳುವವರು ಇರಲಿಲ್ಲ. ನಲವತ್ತು ವರ್ಷ ನನ್ನ ನಿಷ್ಠೆ ಎಂದುಕೊಂಡದ್ದರಲ್ಲಿ ಎಷ್ಟು ಪಾಲು ಅವಳ ಆ ಎರಡು ಶಬ್ದದ ಪ್ರಶ್ನೆಯದಾಗಿತ್ತು!

ಅದಕ್ಕಿಂತ ಹಿಂದಿನದೂ ಒಂದಿದೆ. ಇಪ್ಪತ್ತೆರಡರಿಂದ ಇಪ್ಪತ್ತೆಂಟರವರೆಗೆ ನಾನು ಮುಂಬಯಿಯ ಮಾಟುಂಗದಲ್ಲಿ ಒಂದು ಹೋಟೆಲಿನ ಲೆಕ್ಕ ಬರೆಯುತ್ತಿದ್ದೆ. ಆ ಆರು ವರ್ಷ ಜಪವಿಲ್ಲ, ಪಾಠವಿಲ್ಲ. ಕಲಿತದ್ದು ಎಲ್ಲಿ ಹೋಗುತ್ತದೆ, ಒಳಗೇ ಇರುತ್ತದೆ ಎಂಬ ಧೈರ್ಯ. ಅಪ್ಪಯ್ಯ ತೀರಿಕೊಂಡಾಗ ಊರಿಗೆ ಬಂದೆ. ಸೂತಕ ಕಳೆದ ಮೊದಲ ಸೋಮವಾರ ದೇವರ ಮುಂದೆ ರುದ್ರ ಹೇಳಲು ಕೂತೆ. ಹನ್ನೊಂದು ಅನುವಾಕಗಳಲ್ಲಿ ಮೂರು ಹೇಗೋ ದಾಟಿದವು. ನಾಲ್ಕನೆಯದರಲ್ಲಿ ಬಡಗಿಗಳಿಗೆ, ಕುಂಬಾರರಿಗೆ, ಕಮ್ಮಾರರಿಗೆ ನಮಸ್ಕಾರ ಹೇಳುವ ಜಾಗ ಬರುತ್ತದೆ. ಅಲ್ಲಿ ಬಾಯಿ ನಿಂತಿತು. ಕಣ್ಣು ಮುಚ್ಚಿ ಹುಡುಕಿದರೂ ಒಂದು ಪದ ಇಲ್ಲ. ಆಯಿ ಏನೂ ಅನ್ನಲಿಲ್ಲ. ಟೇಪ್‌ರೆಕಾರ್ಡರ್ ತಂದು ನನ್ನ ಹಿಂದೆ ಇಟ್ಟು ಅಪ್ಪಯ್ಯನ ಕ್ಯಾಸೆಟ್ ಹಾಕಿದಳು. ಅವನ ದನಿ ಆ ಜಾಗಕ್ಕೆ ಬಂದಾಗ ನನ್ನ ನಾಲಗೆ ಅದರ ಜೊತೆ ಎದ್ದು ನಡೆಯಿತು, ಹನ್ನೊಂದನೆಯ ಅನುವಾಕದ ಕೊನೆಯವರೆಗೂ. ನಾನು ಮುಂಬಯಿಗೆ ಮರಳಲಿಲ್ಲ.

ಛಾಂದೋಗ್ಯದ ಆರನೆಯ ಅಧ್ಯಾಯವನ್ನು ಓದಿದವರಿಗೆ ಇದು ಹೊಸದಲ್ಲ. ಹನ್ನೆರಡು ವರ್ಷ ಗುರುಕುಲದಲ್ಲಿ ಎಲ್ಲ ವೇದ ಕಲಿತು ಬಂದ ಶ್ವೇತಕೇತುವಿಗೆ ತಂದೆ ಉದ್ದಾಲಕ ಹೇಳುತ್ತಾನೆ: ಹದಿನೈದು ದಿನ ಉಣ್ಣಬೇಡ, ನೀರು ಬೇಕಾದಷ್ಟು ಕುಡಿ. ಹದಿನಾರನೆಯ ದಿನ ಋಕ್ಕು, ಯಜುಸ್ಸು, ಸಾಮ ಹೇಳು ಎಂದರೆ ಮಗನಿಗೆ ಏನೂ ತೋಚುವುದಿಲ್ಲ. ಊಟ ಮಾಡಿ ಬಾ ಎನ್ನುತ್ತಾನೆ. ಉಂಡು ಬಂದ ಮೇಲೆ ಕೇಳಿದ್ದೆಲ್ಲ ನೆನಪಾಗುತ್ತದೆ. ತಂದೆ ಕೊಡುವ ಹೋಲಿಕೆ ಬೆಂಕಿಯದು. ದೊಡ್ಡ ಬೆಂಕಿ ಆರಿ ಮಿಣುಕುಹುಳದಷ್ಟು ಒಂದು ಕೆಂಡ ಉಳಿದಿದ್ದರೆ ಅದರಿಂದ ಏನೂ ಸುಡಲಾಗದು. ಹುಲ್ಲು ಕೊಟ್ಟು ಊದಿದರೆ ಅದೇ ಕೆಂಡ ಮತ್ತೆ ಉರಿಯುತ್ತದೆ.

ಪ್ರಿಂಟರಿನಲ್ಲಿ ಆ ಕೆಂಡ ಯಾವುದು? ಮಗಳನ್ನು ಕೇಳಿದೆ. ಎಲ್ಲ ಮರೆತ ಮೇಲೂ ಅದರಲ್ಲಿ ಎರಡು ಉಳಿದಿರುತ್ತವೆ ಎಂದಳು. ಯಾರೆಂದು ಕೇಳಿದರೆ ಹೆಸರು ಹೇಳಬಲ್ಲದು. ಪಾಠ ಕಳಿಸಿದರೆ ತೆಗೆದುಕೊಳ್ಳಬಲ್ಲದು. ಇಷ್ಟು ಇದ್ದದ್ದಕ್ಕೇ ಮಿಕ್ಕದ್ದನ್ನು ಮತ್ತೆ ಕೊಡಬಹುದು. ಈ ಎರಡೂ ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್ಕು. ರುದ್ರ ಮರೆತು ಕೂತ ಆ ಸೋಮವಾರ ನನ್ನಲ್ಲೂ ಇದ್ದದ್ದು ಇಷ್ಟೇ: ಇಂಥವನ ಮಗ ಎಂಬ ಹೆಸರು, ಆ ದನಿಗೆ ತೆರೆದುಕೊಳ್ಳುವ ಕಿವಿ.

ಈಗ ಪ್ರಶ್ನೆಗೆ ಬರುತ್ತೇನೆ. ಉಪದೇಶ ಒಮ್ಮೆ ಸಾಕೋ, ಮತ್ತೆ ಮತ್ತೆ ಬೇಕೋ? ಇದು ನಮ್ಮ ಹಿರಿಯರು ನೂರಾರು ವರ್ಷ ವಾದಿಸಿದ ಪ್ರಶ್ನೆ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯ ಶುರುವಾಗುವುದೇ ಇದರಿಂದ. ಶ್ರುತಿಯೇ ಮತ್ತೆ ಮತ್ತೆ ಉಪದೇಶಿಸಿರುವುದರಿಂದ ಆವೃತ್ತಿ ಬೇಕೆಂಬುದು ಅಲ್ಲಿನ ಮೊದಲ ಸೂತ್ರದ ನಿಲುವು. ಉದ್ದಾಲಕನೇ ತನ್ನ ಮಗನಿಗೆ ಒಂದೇ ಮಹಾವಾಕ್ಯವನ್ನು ಒಂಬತ್ತು ಸಲ ಹೇಳುತ್ತಾನೆ. ಪ್ರತಿ ಸಲ ಒಂದು ಹೊಸ ದೃಷ್ಟಾಂತ: ಜೇನು, ನದಿ, ಆಲದ ಬೀಜ, ನೀರಿನಲ್ಲಿ ಕರಗಿದ ಉಪ್ಪು, ಕಣ್ಣು ಕಟ್ಟಿ ಗಾಂಧಾರದಿಂದ ತಂದುಬಿಟ್ಟ ಮನುಷ್ಯ. ಪ್ರತಿ ಸಲವೂ ಮಗ ಇನ್ನೊಮ್ಮೆ ತಿಳಿಸು ಎನ್ನುತ್ತಾನೆ. ತಂದೆ ಒಮ್ಮೆಯೂ ಗದರುವುದಿಲ್ಲ.

ಶಂಕರರು ಆ ಸೂತ್ರದ ಭಾಷ್ಯದಲ್ಲಿ ಎರಡು ಬಗೆಯವರನ್ನು ಬೇರೆ ಮಾಡುತ್ತಾರೆ. ಒಮ್ಮೆ ಕೇಳಿದೊಡನೆ ಅನುಭವಕ್ಕೆ ಬರುವವನಿಗೆ ಆವೃತ್ತಿಯ ಅಗತ್ಯವಿಲ್ಲ, ಹಾಗಾಗದವನಿಗೆ ಬೇಕೇ ಬೇಕು ಎಂದು. ಮಂಡನಮಿಶ್ರರು ವಾಕ್ಯ ಕೇಳಿದ ಮೇಲೂ ಧ್ಯಾನದ ಅಭ್ಯಾಸ ಬೇಕೆಂದರು. ಶೃಂಗೇರಿಯ ಪರಂಪರೆ ತನ್ನ ಮೊದಲ ಪೀಠಾಧಿಪತಿಗಳೆಂದು ಎಣಿಸುವ ಸುರೇಶ್ವರರು ‘ನೈಷ್ಕರ್ಮ್ಯಸಿದ್ಧಿ’ಯಲ್ಲಿ ಇಂಥ ಅಭ್ಯಾಸವಾದವನ್ನು ಖಂಡಿಸಿದರು: ಸತ್ಯ ಹೇಳುವ ವಾಕ್ಯ ಸತ್ಯವನ್ನು ತಿಳಿಸಿಯೇ ತಿಳಿಸುತ್ತದೆ, ತಿಳಿಸಲಾರದ್ದನ್ನು ನೂರು ಸಲ ಹೇಳಿದರೂ ತಿಳಿಯದು. ಈ ಮಾತಿನ ಬಲವನ್ನು ನಾನು ಒಪ್ಪುತ್ತೇನೆ. ಎರಡು ಸಲ ಎಣಿಸಿದರೆ ನಾಣ್ಯ ಎರಡಾಗುವುದಿಲ್ಲ.

ಆದರೆ ಆವೃತ್ತಿಯಿಂದ ಆಗುವ ಕೆಲಸವೇ ಬೇರೆ ಎಂಬುದು ಪ್ರಿಂಟರಿನ ಮುಂದೆ ಕೂತಾಗ ನನಗೆ ಸ್ಪಷ್ಟವಾಯಿತು. ದಿನವೂ ಕಳಿಸುವ ಫರ್ಮ್‌ವೇರಿನಿಂದ ಒಂದು ಅಕ್ಷರವೂ ಅಚ್ಚಾಗುವುದಿಲ್ಲ. ಅದರಿಂದ ಹಾಳೆಯ ಮೇಲೆ ಏನೂ ಬರುವುದಿಲ್ಲ. ಆಮೇಲೆ ಬರುವ ಮಾತು ಹಾಳೆಯಾಗುವ ಯೋಗ್ಯತೆಯಷ್ಟೇ ಅದರಿಂದ ಬರುವುದು. ನಿತ್ಯಕರ್ಮಕ್ಕೆ ಬೇರೆ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವಿದೆ ಎಂದು ಮೀಮಾಂಸಕರು ಹೇಳುತ್ತಾರೆ. ಮಾಡದಿರುವುದು ಎಂಬ ಅಭಾವದಿಂದ ದೋಷವೆಂಬ ಭಾವ ಹೇಗೆ ಹುಟ್ಟೀತು ಎಂದು ಶಂಕರರು ಕೇಳುತ್ತಾರೆ. ನನ್ನ ಮಟ್ಟಿಗೆ ಎರಡೂ ಈಗ ಕೂಡುತ್ತವೆ. ಸಂಧ್ಯೆ ಬಿಟ್ಟ ಆ ಮೂರು ದಿನ ನನ್ನ ಮೇಲೆ ಯಾವ ಪಾಪವೂ ಬಂದು ಕೂರಲಿಲ್ಲ. ದೀಪ ಹಸಿರಾಗಿಯೇ ಇತ್ತು, ಹೆಸರು ಕೇಳಿದರೆ ಹೇಳುತ್ತಿದ್ದೆ. ಒಳಗೆ ಬಂದ ಮಾತು ಮಾತ್ರ ಮಾತಾಗಿ ಹೊರಗೆ ಬರುತ್ತಿರಲಿಲ್ಲ. ಆ ವಾರ ಒಂದು ಸಾವಿನ ಮನೆಯಲ್ಲಿ ನಾನು ಹೇಳಿದ ಸಾಂತ್ವನ ಎಷ್ಟು ಒಣಗಿತ್ತೆಂದು ನನಗೆ ಗೊತ್ತಿದೆ.

ಇದನ್ನು ಕೇಳಿದ ಒಬ್ಬ ಹುಡುಗ, ಹಾಗಾದರೆ ನಾವೂ ಯಂತ್ರಗಳೇ ಎಂದ. ಅಲ್ಲ. ಪ್ರಿಂಟರಿಗೆ ಬರುವ ಪಾಠ ಪ್ರತಿ ಸಲವೂ ಒಂದೇ, ತೆಗೆದುಕೊಳ್ಳುವ ಯಂತ್ರವೂ ಒಂದೇ. ನಮಗೆ ಬರುವ ಮಂತ್ರ ಒಂದೇ ಆದರೂ ತೆಗೆದುಕೊಳ್ಳುವವನು ನಿನ್ನೆಯವನಲ್ಲ. ಸಂಕಲ್ಪದಲ್ಲಿ ನಾವು ದಿನವೂ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಹೇಳುತ್ತೇವೆ. ಇಂದು, ಈ ಜಾಗದಲ್ಲಿ, ಈ ಹೆಸರಿನವನು ಎಂದು ಗುರುತು ಹೇಳಿಕೊಂಡ ಮೇಲೇ ಕೆಲಸ ಶುರು. ಎಂಟು ವರ್ಷದವನಾಗಿ ಅರ್ಥ ತಿಳಿಯದೆ ನಾನು ಹೇಳಿದ ಬಡಗಿ, ಕುಂಬಾರ, ಕಮ್ಮಾರರ ನಮಸ್ಕಾರ ಬೇರೆ. ಅಪ್ಪಯ್ಯನ ದನಿ ಹಿಡಿದು ಹೇಳಿದ್ದು ಬೇರೆ. ಇಂದು, ಊರಿನ ಕೊನೆಯ ಕುಂಬಾರ ಮನೆ ಬೀಗ ಹಾಕಿಕೊಂಡ ಮೇಲೆ ಹೇಳುವುದು ಬೇರೆಯೇ.

ಕಲಿತ ವೇದವೂ ಹಳಸುತ್ತದೆಂದು ಹಿರಿಯರು ಕಂಡುಕೊಂಡಿದ್ದರು. ಅದಕ್ಕೆ ಯಾತಯಾಮ ಎಂದು ಹೆಸರು. ಹೊತ್ತು ಮೀರಿದ ಅನ್ನಕ್ಕೆ ಹೇಳುವ ಶಬ್ದ. ಅದನ್ನು ಕಳೆಯುವುದಕ್ಕೇ ನಾವು ಪ್ರತಿ ಶ್ರಾವಣದ ಹುಣ್ಣಿಮೆಗೆ ಉಪಾಕರ್ಮ ಮಾಡುತ್ತೇವೆ. ಅರವತ್ತು ಸಲ ಜನಿವಾರ ಹಾಕಿದವನೂ ಆ ದಿನ ಹೊಸ ವಿದ್ಯಾರ್ಥಿಯಂತೆ ಮೊದಲಿಂದ ತೊಡಗುತ್ತಾನೆ. ಶಿರಸಿ ಪೇಟೆಯ ಮಸೀದಿಯಲ್ಲಿ ದಿನಕ್ಕೆ ಐದು ಸಲ ಕರೆಯುತ್ತಾರೆ. ನಮ್ಮ ಊರಿನ ಲಿಂಗಾಯತರ ಮನೆಯ ಅಜ್ಜಿ ಅಂಗೈಯ ಇಷ್ಟಲಿಂಗಕ್ಕೆ ದಿನವೂ ಪೂಜೆ ಮಾಡದೆ ಬಾಯಿಗೆ ನೀರು ಹಾಕುವುದಿಲ್ಲ. ಮನುಷ್ಯನಿಗೆ ಮರೆವಿದೆ ಎಂಬುದನ್ನು ಯಾವ ಮತವೂ ಅಲ್ಲಗಳೆದಿಲ್ಲ.

ಮಗಳು ಹೋಗುವ ಮೊದಲು ಪೆಟ್ಟಿಗೆಯೊಳಗೆ ಏಳೆಂಟು ಸಾಲಿನ ಒಂದು ಪ್ರೋಗ್ರಾಮ್ ಬರೆದಿಟ್ಟಳು. ಪೆಟ್ಟಿಗೆ ನಿಮಿಷಕ್ಕೊಮ್ಮೆ ಪ್ರಿಂಟರಿನ ಹೆಸರು ಕೇಳುತ್ತದೆ. ಉತ್ತರದಲ್ಲಿ ಫರ್ಮ್‌ವೇರಿನ ಆವೃತ್ತಿ ಸೇರಿದ್ದರೆ ಪಾಠ ನೆನಪಿದೆ ಎಂದರ್ಥ, ಸುಮ್ಮನಿರುತ್ತದೆ. ಬರೀ ಹೆಸರಷ್ಟೇ ಬಂದರೆ ಮರೆತಿದೆ ಎಂದು ತಿಳಿದು ಪಾಠದ ಕಡತವನ್ನು ತಕ್ಷಣ ಕಳಿಸುತ್ತದೆ. ‘ಸಂಧ್ಯಾವಂದನೆ ಆತಾ’ ಎಂದು ಬಾಗಿಲಲ್ಲಿ ನಿಂತು ಕೇಳುವ ಕೆಲಸವನ್ನೇ ಅವಳು ಅದಕ್ಕೆ ಕಲಿಸಿದ್ದಳು. ನಾನು ಅವಳಿಗೆ ಜನಿವಾರ ಹಾಕಲಿಲ್ಲ, ಸಂಥೆ ಹೇಳಲಿಲ್ಲ. ಒಳಬಾಗಿಲ ಹಿಂದೆ ಕೂತು ಅವಳು ರುದ್ರ ಕೇಳಿ ಕಲಿತದ್ದು ನನಗೆ ಗೊತ್ತಾದದ್ದೇ ತಡವಾಗಿ. ಈ ಪಾಠದಲ್ಲಿ ಅವಳು ನನ್ನ ಗುರು. ಅದನ್ನು ಇಲ್ಲಿ ಬರೆದು ಒಪ್ಪಿಸುತ್ತಿದ್ದೇನೆ.

ಅಂದಿನಿಂದ ಎಷ್ಟೋ ಸಲ ಕರೆಂಟು ಹೋಗಿದೆ, ಬಂದಿದೆ. ಹಾಳೆ ತಪ್ಪಿಲ್ಲ. ಒಂದೇ ಪೆಟ್ಟಿಗೆ ಹುಡುಗರಿಗೆ ಅಪ್ಪಯ್ಯನ ದನಿಯನ್ನೂ ಪ್ರಿಂಟರಿಗೆ ಅದರ ಪಾಠವನ್ನೂ ಕೊಡುತ್ತಿದೆ.

ಓದುವವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯಲ್ಲಿ ದಿನವೂ ಒಂದೇ ಪ್ರಶ್ನೆ ಕೇಳುವವರು ಯಾರಾದರೂ ಇದ್ದಾರು: ದೀಪ ಹಚ್ಚಿದೆಯಾ, ಉಂಡೆಯಾ, ಓದಿದೆಯಾ, ದೇವರಿಗೆ ಕೈ ಮುಗಿದೆಯಾ ಎಂದು. ಅವರ ಮೇಲೆ ಬೇಸರಿಸಬೇಡಿ. ಇವತ್ತು ಕೇಳಿದಾಗ ತಿರುಗಿ ನಿಂತು, ಅವರ ಮುಖ ನೋಡಿ ಉತ್ತರ ಕೊಡಿ.